ಐಎನ್‌ಆರ್ 2.9 ಬಂದಿದೆ, ಮಾತ್ರೆ ನಿಲ್ಲಿಸಲೇ?

ಹೃದಯದ ವಾಲ್ವ್ ಬದಲಿಸಿಕೊಂಡವರು, ಅವರ ಮನೆಯವರು ಕೇಳಿದ ಮೂರು ಪ್ರಶ್ನೆಗಳಿಗೆ ಈ ಸಲದ ಉತ್ತರ. ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ರಕ್ತಪರೀಕ್ಷೆಯ ಸಂಖ್ಯೆ.

ಪ್ರಶ್ನೆ: ಡಾಕ್ಟ್ರೇ, ನನ್ನ ಹೆಂಡತಿಗೆ 34 ವರ್ಷ. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತಂತೆ, ಅದರಿಂದಲೇ ಹೃದಯದ ವಾಲ್ವ್ ಕೆಟ್ಟಿತು ಎಂದರು. ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಮೈಟ್ರಲ್ ಎಂಬ ವಾಲ್ವಿನ ಜಾಗಕ್ಕೆ ಮೆಟಲ್ ವಾಲ್ವ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಅಸಿಟ್ರಾಮ್ ಮಾತ್ರೆ ಕೊಡುತ್ತಿದ್ದೇವೆ. ಮೊನ್ನೆ ತಾಲ್ಲೂಕಿನ ಲ್ಯಾಬಿನಲ್ಲಿ ಐಎನ್‌ಆರ್ ಮಾಡಿಸಿದರೆ 2.9 ಬಂತು. ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ನಾರ್ಮಲ್ 0.8ರಿಂದ 1.2 ಎಂದು ಬರೆದಿದ್ದಾರೆ. ರಕ್ತ ತೀರಾ ತೆಳುವಾಗಿದೆ, ಎರಡು ದಿನ ಮಾತ್ರೆ ಬಿಡಿ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ. ನಮ್ಮಮ್ಮ ಅವಳಿಗೆ ಸೊಪ್ಪು ಮುಟ್ಟಲೂ ಬಿಡುತ್ತಿಲ್ಲ. ಪ್ರತಿ ಸಲ ಟೆಸ್ಟಿಗೆ ಬೆಂಗಳೂರಿಗೇ ಹೋಗಬೇಕಾ? ನೀರು ಹೊರುವುದು, ಹಾಲು ಕರೆಯುವುದು ಯಾವಾಗಿಂದ ಮಾಡಬಹುದು?
– ಹಾಸನ ಜಿಲ್ಲೆಯ ಓದುಗರು

ಉತ್ತರ: ಮಾತ್ರೆ ಬಿಡಿಸಬೇಡಿ. ಬಿಟ್ಟಿದ್ದರೆ ಇವತ್ತೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ.

ರಿಪೋರ್ಟಿನಲ್ಲಿರುವ 0.8ರಿಂದ 1.2 ಈ ಮಾತ್ರೆಯನ್ನೇ ತೆಗೆದುಕೊಳ್ಳದವರ ಲೆಕ್ಕ. ಲ್ಯಾಬಿನ ಕಂಪ್ಯೂಟರಿಗೆ ಯಾರ ಎದೆಯಲ್ಲಿ ಏನಿದೆ ಎಂದು ಗೊತ್ತಿಲ್ಲ, ಎಲ್ಲರಿಗೂ ಅದನ್ನೇ ಅಚ್ಚು ಹಾಕುತ್ತದೆ. ಮೈಟ್ರಲ್ ಜಾಗದಲ್ಲಿ ಮೆಟಲ್ ವಾಲ್ವ್ ಇರುವವರಿಗೆ ನಾವು ಬಯಸುವುದು ಸಾಮಾನ್ಯವಾಗಿ 2.5ರಿಂದ 3.5. ಅಂದರೆ ನಿಮ್ಮ ಮನೆಯವರ 2.9 ಸರಿಯಾಗಿ ನಡುವೆ ಇದೆ. ನಿಮ್ಮ ನೆಂಟರು ಹೇಳುವ ‘ನಾರ್ಮಲ್’ ಬಂದಿದ್ದರೆ ನಾನು ಗಾಬರಿಯಾಗುತ್ತಿದ್ದೆ. ಆಗ ಲೋಹದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ವಾಲ್ವಿನ ಬಾಗಿಲು ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಆ ಹೆಪ್ಪು ಕಿತ್ತುಕೊಂಡು ಮಿದುಳಿಗೆ ಹೋಗಿ ಲಕ್ವ ಹೊಡೆಯುತ್ತದೆ. ರಕ್ತ ಸೋರುವ ಭಯ ಎಲ್ಲ ಮನೆಯಲ್ಲೂ ಇರುತ್ತದೆ, ಹೆಪ್ಪಿನ ಭಯ ಯಾರಿಗೂ ಇರುವುದಿಲ್ಲ. ಹೆಪ್ಪು ಕಣ್ಣಿಗೆ ಕಾಣುವುದಿಲ್ಲವಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಅವರ ಐಎನ್‌ಆರ್ ಎಷ್ಟರಿಂದ ಎಷ್ಟರೊಳಗೆ ಇರಬೇಕು ಎಂದು ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಮುಂದಿನ ಸಲ ಕೇಳಿ ಬರೆಸಿಕೊಂಡು ಬನ್ನಿ. ಫೈಲಿನ ಮೊದಲ ಹಾಳೆಯಲ್ಲಿ ಇರಬೇಕಾದದ್ದು ಅದೇ.

ಸೊಪ್ಪಿನ ವಿಚಾರದಲ್ಲಿ ನಿಮ್ಮ ತಾಯಿಯ ಕಾಳಜಿ ದೊಡ್ಡದು, ಆದರೆ ದಾರಿ ಬೇರೆ. ಈ ಮಾತ್ರೆ ಕೆಲಸ ಮಾಡುವುದು ವಿಟಮಿನ್ ಕೆಗೆ ಅಡ್ಡ ನಿಂತು. ಸೊಪ್ಪಿನಲ್ಲಿ ಆ ವಿಟಮಿನ್ ಹೆಚ್ಚು, ಹಾಗಾಗಿ ಒಂದೇ ಸಲ ರಾಶಿ ತಿಂದರೆ ಐಎನ್‌ಆರ್ ಇಳಿಯುತ್ತದೆ ಎನ್ನುವುದು ನಿಜ. ಪೂರ್ತಿ ಬಿಟ್ಟರೆ ಇನ್ನೊಂದು ತಾಪತ್ರಯ. ಮೈಯಲ್ಲಿ ವಿಟಮಿನ್ ಕೆ ದಾಸ್ತಾನೇ ಇಲ್ಲದಂತಾಗಿ, ಯಾವತ್ತೋ ಒಂದು ದಿನ ಅಕ್ಕನ ಮನೆಯಲ್ಲಿ ಮಸ್ಸೊಪ್ಪು ಉಂಡು ಬಂದರೂ ಸಂಖ್ಯೆ ಏರುಪೇರಾಗುತ್ತದೆ. ಆಪರೇಷನ್ ಆದ ಹೆಂಗಸಿಗೆ ಸೊಪ್ಪಿನ ಸಾರೂ ಇಲ್ಲವೆಂದರೆ ಅವರು ಮತ್ತೇನು ತಿಂದು ಚೇತರಿಸಿಕೊಳ್ಳಬೇಕು? ವಾರಕ್ಕೆ ಎರಡು ದಿನ ಸೊಪ್ಪು ಮಾಡುವ ಮನೆಯಾದರೆ ಪ್ರತಿ ವಾರವೂ ಎರಡು ದಿನ, ಹೆಚ್ಚುಕಡಿಮೆ ಅಷ್ಟೇ ಅಳತೆ. ಮಳೆಗಾಲದಲ್ಲಿ ಹಿತ್ತಲ ತುಂಬಾ ಸೊಪ್ಪು ಬಂತೆಂದು ದಿನಾ ಮಾಡಬೇಡಿ. ಬಸ್ಸಾರಿಗೆ ಬೇಯಿಸಿದ ನೀರು ಬಸಿದುಬಿಟ್ಟರೆ ಆಯಿತಲ್ಲ ಎಂದು ಕೆಲವರು ಕೇಳುತ್ತಾರೆ. ವಿಟಮಿನ್ ಕೆ ನೀರಿನಲ್ಲಿ ಕರಗುವುದಿಲ್ಲ, ಸೊಪ್ಪಿನಲ್ಲೇ ಉಳಿಯುತ್ತದೆ. ಒಗ್ಗರಣೆಯ ಕರಿಬೇವು, ಮೇಲೆ ಉದುರಿಸುವ ಕೊತ್ತಂಬರಿ ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಸೊಪ್ಪಿಗಿಂತ ನನಗೆ ಹೆಚ್ಚು ಹೆದರಿಕೆ ಮೆಡಿಕಲ್ ಶಾಪಿನದು. ಮೈಕೈ ನೋವೆಂದು ಡೈಕ್ಲೋಫೆನಾಕ್, ಬ್ರೂಫೆನ್ ತಂದು ನುಂಗಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ಭೇದಿಗೆಂದು ಕೊಡುವ ಮೆಟ್ರೋನಿಡಜೋಲ್ ಐಎನ್‌ಆರನ್ನು ಸರ್ರನೆ ಏರಿಸುತ್ತದೆ, ಭೇದಿ ಮತ್ತು ಜ್ವರವೂ ಏರಿಸುತ್ತವೆ. ಊಟ ಬಿಟ್ಟು ಉಪವಾಸ ಮಾಡಿದರೂ ಅಷ್ಟೇ. ಜ್ವರಕ್ಕೆ, ನೋವಿಗೆ ಪ್ಯಾರಾಸಿಟಮಾಲ್ ಆಗಬಹುದು, ಆದರೆ ದಿನಗಟ್ಟಲೆ ಬೇಡ. ನಾಟಿ ಔಷಧಿ, ಯಾರೋ ಹೇಳಿದ ಕಷಾಯದ ಪುಡಿ ಯಾವುದನ್ನೂ ಕೇಳದೆ ಶುರು ಮಾಡಬೇಡಿ. ಯಾವ ಹೊಸ ಮಾತ್ರೆ ಬಂದರೂ ಕೆಲವೇ ದಿನಗಳಲ್ಲಿ ಇನ್ನೊಂದು ಐಎನ್‌ಆರ್ ಮಾಡಿಸಿ.

ಮಾತ್ರೆಯನ್ನು ಸಂಜೆ ಒಂದೇ ಹೊತ್ತಿಗೆ ಕೊಡಿ. ಬೆಳಿಗ್ಗೆ ರಕ್ತ ಕೊಟ್ಟು, ರಿಪೋರ್ಟು ನೋಡಿ, ಡೋಸ್ ಬದಲಾದರೆ ಅವತ್ತಿನಿಂದಲೇ ಬದಲಿಸಬಹುದು. ಒಂದು ದಿನ ಮರೆತದ್ದು ಅದೇ ರಾತ್ರಿ ನೆನಪಾದರೆ ಕೊಡಿ, ಮಾರನೆ ದಿನ ನೆನಪಾದರೆ ಎರಡು ಸೇರಿಸಿ ಕೊಡಬೇಡಿ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ದಿನಾ ಒಂದು ಗುರುತು ಹಾಕಿ. ಅಂಗಡಿಯಲ್ಲಿ ಸ್ಟ್ರಿಪ್ ತೆಗೆದುಕೊಳ್ಳುವಾಗ ಹೆಸರಿನ ಜೊತೆ ಎಷ್ಟು ಎಂಜಿ ಎಂದು ಓದಿ. 1, 2, 4 ಎಲ್ಲವೂ ನೋಡಲು ಒಂದೇ ತರಹ. ಅಸಿಟ್ರಾಮ್ ಇಲ್ಲ, ಅದೇ ಬಗೆಯ ವಾರ್ಫರಿನ್ ಇದೆ ಎಂದರೆ ಅಷ್ಟೇ ಎಂಜಿ ಬದಲಿಗೆ ತರಬೇಡಿ, ಎರಡರ ಅಳತೆ ಬೇರೆ.

ಟೆಸ್ಟಿಗೆ ಪ್ರತಿ ಸಲ ಬೆಂಗಳೂರು ಬೇಡ. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್‌ಆರ್ ಲೆಕ್ಕ ತಂದದ್ದೇ ಯಾವ ಊರಿನ ಲ್ಯಾಬಿನಲ್ಲಿ ಮಾಡಿಸಿದರೂ ಸಂಖ್ಯೆಯ ಅರ್ಥ ಒಂದೇ ಇರಲಿ ಎಂದು. ಒಂದು ಒಳ್ಳೆಯ ಲ್ಯಾಬ್ ಆರಿಸಿಕೊಂಡು ಅಲ್ಲೇ ಮಾಡಿಸುತ್ತಿರಿ, ಸಂಖ್ಯೆಯನ್ನು ಆಸ್ಪತ್ರೆಗೆ ಫೋನಿನಲ್ಲಿ ತಿಳಿಸಿ ಡೋಸ್ ಕೇಳಬಹುದಾ ಎಂದು ವಿಚಾರಿಸಿ. ಶುರುವಿನಲ್ಲಿ ವಾರಕ್ಕೊಮ್ಮೆ, ಒಂದು ಹದಕ್ಕೆ ಬಂದ ಮೇಲೆ ನಾಲ್ಕು ವಾರಕ್ಕೊಮ್ಮೆ ಸಾಕಾಗುತ್ತದೆ. ಶಕ್ತಿ ಯೋಜನೆಯಲ್ಲಿ ಹೆಂಡತಿಯ ಬಸ್ ಚಾರ್ಜ್ ಉಳಿಯುತ್ತದೆ ನಿಜ, ನಿಮ್ಮ ಚಾರ್ಜೂ ದಿನದ ಕೂಲಿಯೂ ಉಳಿಯುವುದಿಲ್ಲವಲ್ಲ. ಆದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಕರೆದ ದಿನ ಮಾತ್ರ ತಪ್ಪಿಸಬೇಡಿ. ಆಪರೇಷನ್ ನಂತರದ ಮೊದಲ ಎಕೋ ಮುಂದೆ ಎಷ್ಟೋ ವರ್ಷ ಹೋಲಿಸಿ ನೋಡಲು ಬೇಕು. ಆ ಕೀಲು ಜ್ವರ ಮರುಕಳಿಸದಿರಲೆಂದು ಮೂರು ವಾರಕ್ಕೊಮ್ಮೆಯ ಪೆನ್ಸಿಲಿನ್ ಇಂಜೆಕ್ಷನ್ ಬರೆದಿದ್ದರೆ, ವಾಲ್ವ್ ಬದಲಾಯಿತಲ್ಲ ಎಂದು ಅದನ್ನೂ ನಿಲ್ಲಿಸಬೇಡಿ. ಉಳಿದ ವಾಲ್ವ್‌ಗಳು ಅವರವೇ.

ಕೆಲಸದ ಮಾತು. ಎದೆಯ ಮೂಳೆಯನ್ನು ಕೊಯ್ದು ಸ್ಟೀಲ್ ತಂತಿಯಲ್ಲಿ ಬಿಗಿದಿರುತ್ತಾರೆ. ಅದು ಆರರಿಂದ ಎಂಟು ವಾರಕ್ಕೆ ಕೂಡಿಕೊಳ್ಳುತ್ತದೆ, ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು. ಅಡುಗೆ, ಕಸ ಗುಡಿಸುವುದು ಈಗ ಆಗುತ್ತದೆ. ತುಂಬಿದ ಕೊಡ ಹತ್ತು ಕೆಜಿ ದಾಟುತ್ತದೆ, ಇನ್ನೊಂದು ತಿಂಗಳು ನೀವೇ ಹೊರಿ. ಹಾಲು ಕರೆಯುವುದಕ್ಕಿಂತ ಹಗ್ಗ ಜಗ್ಗುವ ಹಸುವನ್ನು ಹಿಡಿಯುವುದು ಅಪಾಯ. ಕೆಮ್ಮುವಾಗ ದಿಂಬನ್ನು ಎದೆಗೆ ಅವಚಿಕೊಳ್ಳಲಿ. ಮೂಳೆ ಟಕ್ ಎಂದಂತಾದರೆ, ಗಾಯದಿಂದ ಕೀವು ಬಂದರೆ ತಡ ಮಾಡಬೇಡಿ. ಸುಮ್ಮನೆ ಅಳು ಬರುವುದು, ನಿದ್ದೆ ಇಲ್ಲದಿರುವುದು ಈ ಆಪರೇಷನ್ ನಂತರ ಬಹಳ ಜನರಿಗೆ ಆಗುತ್ತದೆ. ಅದಕ್ಕೆ ‘ನಖರಾ’ ಎನ್ನಬೇಡಿ, ವಾರಗಳಾದರೂ ಕಡಿಮೆಯಾಗದಿದ್ದರೆ ಡಾಕ್ಟರಿಗೆ ಹೇಳಿ.

ರಾತ್ರಿ ನಿಶ್ಶಬ್ದದಲ್ಲಿ ಅವರ ವಾಲ್ವಿನ ಟಿಕ್ ಟಿಕ್ ನಿಮಗೂ ಕೇಳುತ್ತಿರಬಹುದು. ಆ ಸದ್ದು ಮಂಕಾದರೆ ಅಥವಾ ನಿಂತಂತಾದರೆ, ಉಸಿರು ಕಟ್ಟಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಲ ಟಾರಿನಂತೆ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನನಗೆ 52. ಅಯೋರ್ಟಿಕ್ ವಾಲ್ವ್ ಬದಲಾಗಿ ಆರು ವರ್ಷವಾಯಿತು, ಮೆಟಲ್. ದವಡೆ ಹಲ್ಲು ಕೀಳಿಸಬೇಕು, ಐದು ದಿನ ಮಾತ್ರೆ ನಿಲ್ಲಿಸಿ ಬನ್ನಿ ಎನ್ನುತ್ತಾರೆ ದಂತವೈದ್ಯರು. ಟೆಸ್ಟೇ ಬೇಡದ ಹೊಸ ಮಾತ್ರೆಗಳೂ ಬಂದಿವೆಯಂತಲ್ಲ?
– ಬಳ್ಳಾರಿಯ ವ್ಯಾಪಾರಿ

ಉತ್ತರ: ಒಂದೆರಡು ಹಲ್ಲು ಕೀಳಲು ಸಾಮಾನ್ಯವಾಗಿ ಈ ಮಾತ್ರೆ ನಿಲ್ಲಿಸಬೇಕಿಲ್ಲ. ಹಿಂದಿನ ದಿನ ಐಎನ್‌ಆರ್ ಮಾಡಿಸಿ, ಅದು ನಿಮ್ಮ ಮಿತಿಯಲ್ಲಿದ್ದರೆ ಕಿತ್ತ ಜಾಗಕ್ಕೆ ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಆಸಿಡ್ ದ್ರಾವಣದಲ್ಲಿ ಬಾಯಿ ಮುಕ್ಕಳಿಸಿದರೆ ರಕ್ತ ನಿಲ್ಲುತ್ತದೆ. ಬೆಳಗಿನ ಹೊತ್ತು ಕೀಳಿಸಿ, ಸಂಜೆ ಸೋರಿದರೂ ಡಾಕ್ಟರು ಸಿಗುತ್ತಾರೆ. ಮರೆಯಬಾರದ್ದು ಆ್ಯಂಟಿಬಯಾಟಿಕ್. ಬಾಯಿಯ ರೋಗಾಣು ರಕ್ತಕ್ಕಿಳಿದು ವಾಲ್ವಿನಲ್ಲಿ ಬೀಡುಬಿಟ್ಟರೆ ಜೀವಕ್ಕೇ ಬರುತ್ತದೆ. ಅಲರ್ಜಿ ಇಲ್ಲದವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಕೊಡುವುದು ರೂಢಿ. ನಿಮ್ಮ ಹೃದಯದ ಡಾಕ್ಟರಿಂದ ಎರಡು ಸಾಲು ಬರೆಸಿಕೊಂಡು ಹೋಗಿ ದಂತವೈದ್ಯರ ಕೈಗೆ ಕೊಡಿ. ಅವರಿಬ್ಬರ ನಡುವೆ ನೀವು ಬಾಯಿಮಾತಿನ ರಾಯಭಾರಿಯಾಗಬೇಡಿ.

ಹೊಸ ಮಾತ್ರೆಗಳು ಬೇರೆ ಕಾಯಿಲೆಗೆ ಒಳ್ಳೆಯವೇ, ಮೆಟಲ್ ವಾಲ್ವಿಗೆ ಅಲ್ಲ. ಮೆಟಲ್ ವಾಲ್ವ್ ಇದ್ದವರಲ್ಲಿ ಅವುಗಳಲ್ಲೊಂದಾದ ಡಾಬಿಗಾಟ್ರಾನ್ ಪರೀಕ್ಷಿಸಿದಾಗ ಹೆಪ್ಪೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು. ಇನ್ನೊಂದು ಹೊಸ ಮಾತ್ರೆ ಅಪಿಕ್ಸಾಬಾನ್‌ನ ಪ್ರಯೋಗವನ್ನು 2022ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಪ್ರಶ್ನೆ: ಮಗಳಿಗೆ 24. ಕಳೆದ ವರ್ಷ ಮೆಟಲ್ ವಾಲ್ವ್ ಹಾಕಿದ್ದಾರೆ. ಈಗ ಆರಾಮಾಗಿದ್ದಾಳೆ, ಕೆಲಸಕ್ಕೂ ಹೋಗುತ್ತಾಳೆ. ಗಂಡು ನೋಡುತ್ತಿದ್ದೇವೆ. ಗಂಡಿನ ಕಡೆಯವರಿಗೆ ಹೇಳಲೇಬೇಕಾ? ಮಕ್ಕಳಾಗುತ್ತವಾ?
– ಒಬ್ಬ ತಾಯಿ

ಉತ್ತರ: ಹೇಳಲೇಬೇಕು, ತಾಯಿ. ಎದೆಯ ಮೇಲಿನ ಗೆರೆಯನ್ನು ಮುಚ್ಚಿಡಬಹುದು, ಪ್ರತಿ ಸಂಜೆಯ ಮಾತ್ರೆಯನ್ನು ಮುಚ್ಚಿಡಲಾಗುವುದಿಲ್ಲ. ಹೊಸ ಮನೆಯಲ್ಲಿ ಯಾರಿಗೂ ಗೊತ್ತಾಗದಿರಲೆಂದು ಮಾತ್ರೆ ತಪ್ಪಿಸುವ ಹುಡುಗಿಯ ಜೀವಕ್ಕೆ ಅಪಾಯ. ಹೇಳಿದ ಕೂಡಲೇ ಎದ್ದು ಹೋಗುವ ಮನೆ ಹೋಗಲಿ ಬಿಡಿ.

ಮಕ್ಕಳಾಗಬಹುದು, ಆದರೆ ಇದು ಹೆಚ್ಚು ಅಪಾಯದ ಬಸಿರು, ಮೊದಲೇ ಯೋಚಿಸಿ ಆಗಬೇಕಾದದ್ದು. ಬಸಿರಿನ ಆರರಿಂದ ಹನ್ನೆರಡನೇ ವಾರದಲ್ಲಿ ಈ ಮಾತ್ರೆಯಿಂದ ಮಗುವಿನ ಮೂಗು, ಮೂಳೆಗಳ ಬೆಳವಣಿಗೆಗೆ ತೊಂದರೆಯಾಗಬಹುದು, ಡೋಸ್ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ ಮಗುವನ್ನು ಮುಟ್ಟುವುದಿಲ್ಲ, ಆದರೆ ವಾಲ್ವಿನಲ್ಲಿ ಹೆಪ್ಪಾಗುವ ಸಂಭವ ಜಾಸ್ತಿ. ಯಾವ ತಿಂಗಳಲ್ಲಿ ಯಾವುದು ಎಂದು ಹೃದಯದ ಡಾಕ್ಟರು, ಹೆರಿಗೆ ಡಾಕ್ಟರು ಕೂತು ನಿರ್ಧರಿಸಬೇಕು, ಹೆರಿಗೆಯೂ ಇಬ್ಬರೂ ಇರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿಯವರೆಗೆ ಬಸಿರು ತಡೆಯಲು ಮಾತ್ರೆಯನ್ನು ಅಂಗಡಿಯಿಂದ ತಾವೇ ತರಬಾರದು, ಈಸ್ಟ್ರೋಜೆನ್ ಇರುವ ಮಾತ್ರೆಗಳು ಹೆಪ್ಪಿಗೆ ಕಾರಣವಾಗುತ್ತವೆ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಹಿಮೋಗ್ಲೋಬಿನ್ ನೋಡಿಸಿ.

ಮಾತು ಕೂಡಿಬಂದರೆ ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನನ್ನು ಒಮ್ಮೆ ಅವಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮದುವೆಯಾದ ಮೇಲೆ ಮುಟ್ಟು ನಾಲ್ಕು ದಿನ ತಡವಾದರೂ ಮನೆಯಲ್ಲೇ ಟೆಸ್ಟ್ ಮಾಡಿಕೊಳ್ಳಲಿ. ಬಸಿರು ಎಂದು ಬಂದರೆ ಮಾತ್ರೆಯನ್ನು ತಾನಾಗಿ ನಿಲ್ಲಿಸದೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಬೇಕು ಎನ್ನುವುದು ಅವಳಿಗೂ ಗಂಡನಿಗೂ ಗೊತ್ತಿರಲಿ.