ಕಾನೂನು ಸಲಹೆ: ಮಾಲೀಕರು ಸುಳ್ಳುಪತ್ತೆ ಪರೀಕ್ಷೆಗೆ ಕರೆದರೆ

ಪ್ರಶ್ನೆ: ಚಿನ್ನದ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದೇನೆ. ಸ್ಟಾಕ್‌ನಲ್ಲಿ ಎರಡು ಬಳೆ ಕಡಿಮೆ ಬಂದಿವೆ. ಖಾಸಗಿ ಏಜೆನ್ಸಿಯಿಂದ ಸುಳ್ಳುಪತ್ತೆ ಪರೀಕ್ಷೆ ಮಾಡಿಸುತ್ತೇವೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕು, ಇಲ್ಲವೇ ಕೆಲಸ ಬಿಡು ಎನ್ನುತ್ತಿದ್ದಾರೆ ಮಾಲೀಕರು. ಒಪ್ಪಲೇಬೇಕೇ?
– ಓದುಗರು, ದಾವಣಗೆರೆ

ಉತ್ತರ: ಒಪ್ಪಬೇಕಾಗಿಲ್ಲ. ನೌಕರರನ್ನು ಈ ಪರೀಕ್ಷೆಗೆ ಕೂರಿಸುವ ಅಧಿಕಾರವನ್ನು ಯಾವ ಕಾನೂನೂ ಮಾಲೀಕರಿಗೆ ಕೊಟ್ಟಿಲ್ಲ. ಕೇಳಲೇಬಾರದು ಎನ್ನುವ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಒತ್ತಡ ಹೇರುವವರಿಗೆ ಅದೇ ಅನುಕೂಲ. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಪಾಲಿಗ್ರಾಫ್ (ಸುಳ್ಳುಪತ್ತೆ) ಅಥವಾ ಮಂಪರು ಪರೀಕ್ಷೆ ನಡೆಸುವುದು ಸಂವಿಧಾನದ 20(3) (ಆರೋಪಿ ತನ್ನ ವಿರುದ್ಧವೇ ಸಾಕ್ಷಿ ಹೇಳಬೇಕಿಲ್ಲ) ಮತ್ತು 21ನೇ (ಜೀವ, ವೈಯಕ್ತಿಕ ಸ್ವಾತಂತ್ರ್ಯ) ವಿಧಿಗಳಿಗೆ ವಿರುದ್ಧ ಎಂದಿತು. ಅದು ಅಪರಾಧ ತನಿಖೆಯ ತೀರ್ಪು, ಖಾಸಗಿ ಅಂಗಡಿಗೆ ನೇರವಾಗಿ ಅನ್ವಯಿಸದು ನಿಜ. ಆದರೆ ಪೊಲೀಸರಿಗೇ ಇಲ್ಲದ ಅಧಿಕಾರ ಮಾಲೀಕರಿಗೆ ಎಲ್ಲಿಂದ ಬರಬೇಕು?

ಸುಳ್ಳುಪತ್ತೆ ಯಂತ್ರ ಎದೆ-ಹೊಟ್ಟೆಗೆ ಸುತ್ತಿದ ಕೊಳವೆಯಿಂದ ಉಸಿರಾಟ, ತೋಳಿನ ಪಟ್ಟಿಯಿಂದ ರಕ್ತದೊತ್ತಡ, ಬೆರಳಿಗೆ ಸಿಕ್ಕಿಸಿದ ಎಲೆಕ್ಟ್ರೋಡ್‌ನಿಂದ ಬೆವರು ಅಳೆಯುತ್ತದೆ, ಅಷ್ಟೇ. ಕೆಲಸ ಹೋದೀತೆಂಬ ಭಯಕ್ಕೂ ಗ್ರಾಫ್ ಏರುತ್ತದೆ.

ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡದೆ ತೆಗೆಯುವಂತಿಲ್ಲ ಎನ್ನುತ್ತದೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಮು. ಕಳ್ಳತನದ ಆರೋಪದ ಮೇಲೆ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಲೇಬೇಕು.

‘ವಿಚಾರಣೆಗೆ ಸಹಕರಿಸುತ್ತೇನೆ, ಸುಳ್ಳುಪತ್ತೆ ಪರೀಕ್ಷೆಗೆ ಒಪ್ಪುವುದಿಲ್ಲ’ ಎಂದು ಬರೆದು ಇ-ಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಒಪ್ಪಿಗೆ ಪತ್ರದ ಜೊತೆ ರಾಜೀನಾಮೆಗೋ ತಪ್ಪೊಪ್ಪಿಗೆಗೋ ಸಹಿ ಹಾಕಿಬಿಡುತ್ತಾರೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲದು; ಮಾಲೀಕರಿಗೆ ಸ್ವಇಚ್ಛೆಯಿಂದ ಬರೆದುಕೊಟ್ಟದ್ದು ಸಾಕ್ಷ್ಯವಾಗಬಲ್ಲದು. ಖಾಲಿ ಕಾಗದಕ್ಕಂತೂ ಸಹಿ ಬೇಡವೇ ಬೇಡ.

ಪ್ರಶ್ನೆ: ಅಮೆರಿಕದ ಡಲ್ಲಾಸ್‌ನಲ್ಲಿ ಖಾಸಗಿ ಗೋದಾಮಿನಲ್ಲಿರುವ ನನ್ನ ತಮ್ಮನಿಗೂ ಹೀಗೇ ಕೇಳಿದ್ದಾರೆ. ಅಲ್ಲಿ ನಿಯಮವೇನು?
– ಓದುಗರು, ಶಿವಮೊಗ್ಗ

ಉತ್ತರ: ಅಲ್ಲಿ ಇದಕ್ಕೆಂದೇ 1988ರ ನೌಕರರ ಪಾಲಿಗ್ರಾಫ್ ರಕ್ಷಣಾ ಕಾಯ್ದೆ ಇದೆ. ಖಾಸಗಿ ಮಾಲೀಕರು ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಕೇಳುವಂತೆಯೇ ಇಲ್ಲ. ನಷ್ಟದ ತನಿಖೆ ನಡೆಯುತ್ತಿದ್ದು, ನೌಕರನಿಗೆ ಆ ಮಾಲಿನ ಸಂಪರ್ಕವಿದ್ದು, ಸಂಶಯಕ್ಕೆ ಆಧಾರವಿದ್ದರೆ ಮಾತ್ರ ಕೇಳಬಹುದು. ಅದೂ ಕಾರಣಗಳನ್ನು ಬರವಣಿಗೆಯಲ್ಲಿ ಕೊಟ್ಟು, ರಜೆ ಬಿಟ್ಟು ಕನಿಷ್ಠ 48 ಗಂಟೆ ಮುಂಚೆ. ಪರೀಕ್ಷೆ 90 ನಿಮಿಷಕ್ಕಿಂತ ಕಡಿಮೆಯಾಗಬಾರದು, ತಮ್ಮ ಯಾವಾಗ ಬೇಕಾದರೂ ನಿಲ್ಲಿಸಬಹುದು. ನಿರಾಕರಿಸಿದನೆಂಬ ಒಂದೇ ಕಾರಣಕ್ಕೆ ತೆಗೆದರೆ ಮೂರು ವರ್ಷದೊಳಗೆ ದಾವೆ ಹೂಡಬಹುದು.