ಗದರಿಸುವುದಕ್ಕಿಂತ ಕೇಳುವುದು ವಾಸಿ

'ಹುಡುಗಿಯರಿಗೆ ಗಣಿತ ಹತ್ತಲ್ಲ, ನಮ್ಮ ಅಜ್ಜ ಹೇಳಿದ್ದಾರೆ' ಎಂದ ಹುಡುಗನನ್ನು ತರಗತಿಯಲ್ಲೇ ಗದರಿಸಬೇಕಿತ್ತಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಬೇಡ. ಗದರಿಸಿದರೆ ಮಾತು ನಿಲ್ಲುತ್ತದೆ, ನಂಬಿಕೆ ಅಲ್ಲೇ ಇರುತ್ತದೆ. ಅಜ್ಜನನ್ನಂತೂ ಹೀಯಾಳಿಸಲೇಬೇಡಿ, ಹುಡುಗ ಅಜ್ಜನ ಪರ ನಿಂತುಬಿಡುತ್ತಾನೆ!

'ಇದು ನಿಜವಾ ಅಂತ ಹೇಗೆ ನೋಡೋಣ?' ಎಂದು ಎಲ್ಲರನ್ನೂ ಕೇಳಿ. ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಶುರುವಾಗಿದ್ದು 1936ರಲ್ಲಿ. ಅದು ಮೊದಲ ಸಲ ಒಬ್ಬ ಮಹಿಳೆಗೆ, ಮರಿಯಂ ಮಿರ್ಜಾಖಾನಿಗೆ, ಸಿಕ್ಕಿದ್ದು 2014ರಲ್ಲಿ. ಹುಡುಗ ಇದನ್ನೇ ತನ್ನ ಪರ ಸಾಕ್ಷಿ ಅನ್ನಬಹುದು. ಅನ್ನಲಿ ಬಿಡಿ. ಆಗ ಇನ್ನೂರು ವರ್ಷದ ಹಿಂದಿನ ಫ್ರೆಂಚ್ ಗಣಿತಜ್ಞೆ ಸೋಫಿ ಜರ್ಮೇನ್ ಕಥೆ ಹೇಳಿ: ಹೆಣ್ಣೆಂದು ತಾತ್ಸಾರ ಮಾಡಿಯಾರು ಎಂದು ಆಕೆ ಹೆಸರಾಂತ ಗಣಿತಜ್ಞ ಗೌಸ್‌ಗೆ ಗಂಡಸಿನ ಹೆಸರಲ್ಲಿ ಪತ್ರ ಬರೆಯುತ್ತಿದ್ದರು. ಕೊರತೆ ಬುದ್ಧಿಯದಾ, ಅವಕಾಶದ್ದಾ? ಮಕ್ಕಳೇ ಜಗಳವಾಡಲಿ.

ಆದರೆ ಆ ಮಾತು ತರಗತಿಯ ಒಬ್ಬ ಹುಡುಗಿಯನ್ನೇ ಚುಚ್ಚಲು ಬಂದಿದ್ದರೆ, ಚರ್ಚೆ ಆಮೇಲೆ. ಮೊದಲು ಅದನ್ನು ನಿಲ್ಲಿಸಿ.