ಕಾಳು, ವಾಯು ಮತ್ತು ವಿಷಲ್ ಲೆಕ್ಕ

ಕಾಳಿನ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳುವುದು ಒಂದೇ ಮಾತು. ಹಾಗಾಗಿ ಈ ಸಲದ ಜಾಗ ಹೆಚ್ಚುಕಡಿಮೆ ಅದಕ್ಕೇ. ಕಾಳಿನಲ್ಲಿ ಪ್ರೋಟೀನ್ ಇದೆಯೇ ಎಂದು ಕೇಳಿದವರಿಗೆ: ಇದೆ. ಮುಂದೆ ಹೋಗೋಣ.

ಪ್ರಶ್ನೆ: ಖರ್ಚೂ ಉಳಿಯಲಿ, ಮಕ್ಕಳಿಗೆ ಪ್ರೋಟೀನೂ ಸಿಗಲಿ ಎಂದು ದಿನಾ ಕಾಳು ಮಾಡಲು ಶುರು ಮಾಡಿದೆ. ಮೂರೇ ದಿನಕ್ಕೆ ಮನೆಮಂದಿಗೆಲ್ಲ ಹೊಟ್ಟೆ ಉಬ್ಬರ. ಕಡಲೆಕಾಳಂತೂ ನಾಲ್ಕು ವಿಷಲ್ ಕೂಗಿಸಿದರೂ ಗಟ್ಟಿ. ನಮ್ಮತ್ತೆ, ಕಾಳೆಲ್ಲ ವಾಯು, ಬಿಟ್ಟುಬಿಡು ಅನ್ನುತ್ತಾರೆ. ಬಿಡಲೇ?

ಬಿಡಬೇಡಿ. ನಿಮ್ಮತ್ತೆ ಹೇಳಿದ್ದರಲ್ಲಿ ಅರ್ಧ ನಿಜ. ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ತಿಂದು ಅನಿಲ ಬಿಡುತ್ತವೆ. ವಾಯು ಅಂದರೆ ಇಷ್ಟೇ, ಇದು ರೋಗವಲ್ಲ. ನಿಮ್ಮ ಮನೆಯಲ್ಲಿ ಆಗಿರುವ ತಪ್ಪು ಎರಡು: ಒಮ್ಮೆಗೇ ಜಾಸ್ತಿ ಬಡಿಸಿದಿರಿ, ಅರೆಬೆಂದದ್ದನ್ನು ಬಡಿಸಿದಿರಿ.

ಮೊದಲು ಪ್ರಮಾಣ. ಮೊದಲ ವಾರ ಒಬ್ಬರಿಗೆ ದಿನಕ್ಕೆ ಎರಡು ದೊಡ್ಡ ಚಮಚ ಬೆಂದ ಕಾಳು ಸಾಕು. ಎರಡನೇ ವಾರ ನಾಲ್ಕು ಚಮಚ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಅರ್ಧ ಬಟ್ಟಲು ತಿಂದರೂ ಹೆಚ್ಚಿನವರ ಹೊಟ್ಟೆ ತಕರಾರು ಮಾಡುವುದಿಲ್ಲ. ಆದರೆ ದಿನಾ ತಿನ್ನಬೇಕು. ವಾರವಿಡೀ ಬರೀ ತಿಳಿಸಾರು ಉಂಡು ಭಾನುವಾರ ದೊಡ್ಡ ಬಟ್ಟಲು ಚೋಲೆ ಇಳಿಸುವವರು ಸೋಮವಾರ ಕಾಳನ್ನು ಬೈಯುತ್ತಾರೆ. ಅವರೆಕಾಯಿ ಕಾಲದಲ್ಲೂ ಇದೇ ಕಥೆ. ವರ್ಷವಿಡೀ ಕಾಳು ಮುಟ್ಟದವರು ಜನವರಿ ಬಂತೆಂದರೆ ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ರಾತ್ರಿ ಅವರೆಕಾಳು ರೊಟ್ಟಿ!

ಇನ್ನು ನೆನೆಹಾಕುವುದು. ಹೆಸರುಕಾಳು, ಅಲಸಂದೆಗೆ ಆರು ಗಂಟೆ ಸಾಕು. ಕಡಲೆ, ಹುರುಳಿ, ರಾಜ್ಮಾಕ್ಕೆ ಹತ್ತರಿಂದ ಹನ್ನೆರಡು ಗಂಟೆ ಬೇಕು. ನೀರು ಕಾಳಿನ ನಾಲ್ಕರಷ್ಟಿರಲಿ, ಲೀಟರಿಗೆ ಎರಡು ಸಣ್ಣ ಚಮಚ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ತಲೆಕೆಳಗು: ಉಪ್ಪು ಸಿಪ್ಪೆಯನ್ನು ಮೆದುಗೊಳಿಸುತ್ತದೆ, ಬೇಯಲು ಬಿಡದಿರುವುದು ಹುಣಸೆಹಣ್ಣು ಮತ್ತು ಟೊಮೆಟೊ. ಹುಳಿ ಏನಿದ್ದರೂ ಕಾಳು ಮೆತ್ತಗಾದ ಮೇಲೆ. ನೆನೆಸಿದ ನೀರನ್ನು ಚೆಲ್ಲಿ, ಎರಡು ಸಲ ತೊಳೆಯಿರಿ. ಸತ್ವ ಹೋಗುತ್ತದೆಂದು ಆ ನೀರಿನಲ್ಲೇ ಬೇಯಿಸುವವರಿದ್ದಾರೆ. ಹೋಗುವ ಸತ್ವ ಅಲ್ಪ, ಜೊತೆಗೆ ಹೋಗುವುದು ನಿಮಗೆ ತೊಂದರೆ ಕೊಟ್ಟ ಅದೇ ಸಕ್ಕರೆ. ಬೇಯಿಸಿ ಬಸಿದ ಕಟ್ಟಿನಲ್ಲೂ ಅದು ಸ್ವಲ್ಪ ಇರುತ್ತದೆ. ಆದ್ದರಿಂದ ಮೊದಲ ಎರಡು ವಾರ ಬಸ್ಸಾರು ಬೇಡ, ಆಮೇಲೆ ಧಾರಾಳವಾಗಿ ಮಾಡಿ.

ಬೇಯದಿರುವುದಕ್ಕೆ ಕಾರಣ ಎರಡು ಕಡೆ ಹುಡುಕಿ. ಒಂದು, ನೀರು. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಬಿಗಿಯಾಗಿಸುತ್ತದೆ. ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ನೆನೆಸಲೂ ಬೇಯಿಸಲೂ ಆರ್‌ಒ ಫಿಲ್ಟರ್ ನೀರನ್ನೇ ಬಳಸಿ. ಅದಿಲ್ಲದಿದ್ದರೆ ಒಂದು ಲೋಟ ಕಾಳಿಗೆ ಕಾಲು ಸಣ್ಣ ಚಮಚ ಅಡುಗೆ ಸೋಡಾ, ಅದಕ್ಕಿಂತ ಹೆಚ್ಚು ಬೇಡವೇ ಬೇಡ. ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳು. ಎರಡು, ಹಳೆ ಕಾಳು. ಸೆಖೆ, ತೇವ ಇರುವ ಕಡೆ ವರ್ಷಗಟ್ಟಲೆ ಇಟ್ಟ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಅಗ್ಗವೆಂದು ಐದು ಕಿಲೋ ತಂದು ಡಬ್ಬಿ ತುಂಬುವ ಮೊದಲು ಅರ್ಧ ಕಿಲೋ ತಂದು ಬೇಯಿಸಿ ನೋಡಿ.

ಈಗ ವಿಷಲ್. ದಯವಿಟ್ಟು ವಿಷಲ್ ಎಣಿಸಬೇಡಿ. ದೊಡ್ಡ ಉರಿಯಲ್ಲಿ ನಾಲ್ಕು ವಿಷಲ್ ಕೆಲವೇ ನಿಮಿಷಕ್ಕೆ ಮುಗಿದುಹೋಗುತ್ತದೆ, ಸಣ್ಣ ಉರಿಯಲ್ಲಿ ಒಂದಕ್ಕೂ ಕಾಯಬೇಕಾಗಬಹುದು. ಕಾಳಿಗೆ ಬೇಕಾದದ್ದು ನಿಮಿಷ. ಮೊದಲ ವಿಷಲ್ ಆದಮೇಲೆ ಉರಿ ಸಣ್ಣದು ಮಾಡಿ: ನೆನೆದ ಹೆಸರುಕಾಳಿಗೆ ಐದು, ಅಲಸಂದೆಗೆ ಎಂಟು, ಹುರುಳಿಗೆ ಹದಿನೈದು, ಕಡಲೆ ಮತ್ತು ರಾಜ್ಮಾಕ್ಕೆ ಇಪ್ಪತ್ತು ನಿಮಿಷ. ಆರಿಸಿದ ಮೇಲೆ ಆವಿ ತಾನಾಗಿ ಇಳಿಯಲಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕಾಳಿನ ನೊರೆ ಆವಿಯ ದಾರಿಗೆ ಅಡ್ಡ ನಿಲ್ಲುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಕಡಿಮೆ.

ಬೆಂದಿತೇ ಎಂದು ನೋಡಲು ಒಂದು ಕಡಲೆಯನ್ನು ನಾಲಿಗೆಯಿಂದ ಅಂಗುಳಿಗೆ ಒತ್ತಿ. ಹಲ್ಲು ತಾಗಿಸದೆ ಬೆಣ್ಣೆಯಂತೆ ಚಪ್ಪಟೆಯಾಗಬೇಕು. ಇನ್ನೊಂದನ್ನು ಉಗುರಿನಿಂದ ಸೀಳಿ: ನಡುವೆ ಸುಣ್ಣದ ಪುಡಿಯಂಥ ಬಿಳಿ ಚುಕ್ಕೆ ಕಂಡರೆ ಮತ್ತೆ ಕುಕ್ಕರಿಗೆ. ಆ ಬೇಯದ ಪಿಷ್ಟವೂ ದೊಡ್ಡ ಕರುಳಿಗೆ ಹೋಗಿ ಅನಿಲವಾಗುತ್ತದೆ. ನಿಮ್ಮ ಮೂರು ದಿನದ ಉಬ್ಬರಕ್ಕೆ ಈ ಬಿಳಿ ಚುಕ್ಕೆಯ ಪಾಲು ದೊಡ್ಡದು.

ಇಂಗು, ಶುಂಠಿ ರುಚಿಗೆ ಹಾಕಿ. ಇಂಗು ಹಾಕಿದ್ದೇನೆಂಬ ಧೈರ್ಯದಲ್ಲಿ ಅರೆಬೆಂದ ಕಾಳು ಬಡಿಸಬೇಡಿ. ವಾಯುಹರ ಚೂರ್ಣ ಮಾರುವವರಿಗೆ ನಿಮ್ಮ ಬೇಯದ ಕಡಲೆಯೇ ಬಂಡವಾಳ. ಆದರೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ನೋವಿಗೆ ರಾತ್ರಿ ಎಚ್ಚರವಾಗುತ್ತಿದ್ದರೆ ಕಾಳಿನ ಲೆಕ್ಕ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ದಿನಕ್ಕೆ ಎಷ್ಟು ಬೇಕು? ಪ್ರೋಟೀನ್ ಪುಡಿ ಉತ್ತಮವೇ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ, 2,000 ಕ್ಯಾಲೊರಿ ಊಟಕ್ಕೆ ಕಾಳು, ಬೇಳೆ, ಮೊಟ್ಟೆ, ಮಾಂಸ ಎಲ್ಲ ಸೇರಿ 85 ಗ್ರಾಂ ಎನ್ನುತ್ತದೆ. ಬೇಯಿಸುವ ಮೊದಲಿನ ತೂಕ ಅದು. ಕಿಲೋ ಕಾಳಿನಲ್ಲಿ 200ರಿಂದ 240 ಗ್ರಾಂ ಪ್ರೋಟೀನ್ ಇರುತ್ತದೆ. ಅಂಗಡಿಯ ಬೆಲೆಯನ್ನು ಅದರಿಂದ ಭಾಗಿಸಿ, ಪುಡಿ ಡಬ್ಬಿಯ ಬೆಲೆಯನ್ನೂ ಹಾಗೇ ಭಾಗಿಸಿ. ಉತ್ತರ ನಿಮಗೇ ಸಿಗುತ್ತದೆ. ಮುದ್ದೆ, ಅನ್ನ, ರೊಟ್ಟಿಯ ಜೊತೆ ಕಾಳು ತಿನ್ನುವವರಿಗೆ ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳ ಚಿಂತೆ ಬೇಡ, ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಪ್ರಶ್ನೆ: ಹುರುಳಿ ಕಟ್ಟು ಕುಡಿದರೆ ಕಿಡ್ನಿ ಕಲ್ಲು ಕರಗುತ್ತದಂತೆ?

ಅದನ್ನು ನಂಬಿ ಸ್ಕ್ಯಾನ್ ಮುಂದೂಡಬೇಡಿ. ಕಟ್ಟಿನಲ್ಲಿರುವ ನೀರು ಒಳ್ಳೆಯದು, ಬರೀ ನೀರೂ ಅಷ್ಟೇ ಒಳ್ಳೆಯದು.

ಪ್ರಶ್ನೆ: ರಾಜ್ಮಾವನ್ನು ಸ್ಲೋ ಕುಕ್ಕರಿನಲ್ಲಿ ಇಡಬಹುದೇ?

ಕಾಳು ಹಸಿಯಾಗಿದ್ದರೆ ಖಂಡಿತ ಇಲ್ಲ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷವಿದೆ. ನಾಲ್ಕೈದು ಹಸಿ ಕಾಳು ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರು. ಕುದಿಯದ ಬಿಸಿಯಲ್ಲಿ ಅದು ಸಾಯುವುದಿಲ್ಲ. ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದ ಮೇಲೆ ನಿಮ್ಮ ಸ್ಲೋ ಕುಕ್ಕರ್. ಮಾಮೂಲಿ ಕುಕ್ಕರಿನಲ್ಲಿ ಸರಿಯಾಗಿ ಬೇಯಿಸಿದರೆ ಈ ಭಯವಿಲ್ಲ.

ಪ್ರಶ್ನೆ: ಮೊಳಕೆಕಾಳು ಹಸಿಯಾಗಿ ತಿಂದರೇ ಶಕ್ತಿಯಂತೆ?

ಮೊಳಕೆ ಬರಿಸುವ ಬೆಚ್ಚಗಿನ ಒದ್ದೆ ಬಟ್ಟೆ ಬ್ಯಾಕ್ಟೀರಿಯಾಕ್ಕೂ ಇಷ್ಟ. ಐದು ನಿಮಿಷ ಹಬೆಯಲ್ಲಿ ಬೇಯಿಸಿ, ಗರ್ಭಿಣಿಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಹಸಿ ಕೊಡಲೇಬೇಡಿ. ನಿಂಬೆಹಣ್ಣು ಹಿಂಡಿ, ಕಬ್ಬಿಣದ ಅಂಶ ಚೆನ್ನಾಗಿ ಹೀರಲ್ಪಡುತ್ತದೆ. ಕಾಫಿ, ಟೀ ಒಂದು ಗಂಟೆ ಬಿಟ್ಟು ಕುಡಿಯಿರಿ.

ಪ್ರಶ್ನೆ: ಹುರುಳಿ ಉಷ್ಣವೇ?

ನಿಮಗೆ ಹಾಗನ್ನಿಸಿದರೆ ಅಲಸಂದೆ ತಿನ್ನಿ.

ಪ್ರಶ್ನೆ: ತಂದೆಯವರಿಗೆ ಕಿಡ್ನಿ ತೊಂದರೆ, ಕ್ರಿಯಾಟಿನಿನ್ ಹೆಚ್ಚಿದೆ. ಎಷ್ಟು ಕಾಳು ಕೊಡಬಹುದು?

ಇದಕ್ಕೆ ಇಲ್ಲಿ ಉತ್ತರಿಸುವುದಿಲ್ಲ. ಪ್ರೋಟೀನ್, ಪೊಟ್ಯಾಸಿಯಂ ಎರಡನ್ನೂ ಅವರ ರಕ್ತಪರೀಕ್ಷೆ ನೋಡಿಯೇ ನಿರ್ಧರಿಸಬೇಕು. ವರದಿ ಹಿಡಿದುಕೊಂಡು ಅವರಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೇ ಕೇಳಿ, ಅಲ್ಲಿಯವರೆಗೆ ಈ ಅಂಕಣದ ಅಳತೆಯನ್ನು ಅವರ ತಟ್ಟೆಗೆ ಹಾಕಬೇಡಿ.